ಹದಿನೇಳನೇ ಚುಕ್ಕಿ

ಒಂಬತ್ತನೆಯ ಕಂತು

"ಹದಿನೇಳನೇ ಡಬ್ಬಿ ನಿಂದೇ ತಾನೆ?"

"ನಂದೇ."

"ಸಹಿ ಹಾಕಿ ಇಸ್ಕೊಂಡಿದ್ದೂ ನೀನೇ?"

"ನಾನೇ."

"ಹಾಗಾದ್ರೆ ಬುಧವಾರ ಬೆಳಿಗ್ಗೆ ಆ ಕಡಿಬಂಡೆ ಅಂಚಲ್ಲಿ ನಲವತ್ತು ನಿಮಿಷ ಏನು ಮಾಡ್ತಿದ್ದೆ, ವರ್ನ್?"

ವರ್ನ್ ಹಾಸ್ಕಿಂಗ್ ಕಿಟಕಿಯಾಚೆ ನೋಡಿದ. ನೋಡಲು ಅಲ್ಲಿ ಏನೂ ಇರಲಿಲ್ಲ. ಹೆದ್ದಾರಿ ಬದಿಯ ತಂಗುದಾಣವಾದ ಹೆನ್ಸ್ಲಿ ಟ್ಯಾಂಕ್ ರೋಡ್‌ಹೌಸಿನ ಸುತ್ತ ನೂರಾರು ಕಿಲೋಮೀಟರ್ ಉದ್ದಕ್ಕೂ ದೇವರು ಏನನ್ನೂ ಇಟ್ಟಿಲ್ಲ. ಮೊಣಕಾಲೆತ್ತರದ ಬೂದುಬಣ್ಣದ ಉಪ್ಪುಗಿಡ, ಅದರ ಮೇಲೆ ಆಕಾಶ. ಮಧ್ಯೆ ಒಂದು ರಸ್ತೆ, ಯಾರೋ ಎಳೆದು ಮರೆತುಹೋದ ಗೆರೆಯ ಹಾಗೆ.

"ಅಲ್ಲಿಗೆ ನಾನು ಹೋಗೇ ಇಲ್ಲ, ಸಾರ್ಜ್," ಎಂದ.

ಇದೇ ಉತ್ತರ ನಿನ್ನೆಯಿಂದ ಆರು ಸಲ ಬಂದಿತ್ತು. ಡಿಟೆಕ್ಟಿವ್ ಸಾರ್ಜೆಂಟ್ ನೊರೀನ್ ಪ್ಯಾಸ್ಕೊ ಅದನ್ನು ಆರು ಸಲವೂ ಬರೆದುಕೊಂಡಿದ್ದಳು. ಏಳನೆಯ ಸಲ ಪೆನ್ನು ಮುಚ್ಚಿಟ್ಟಳು.

ರಸ್ ಟಿಲ್‌ಬ್ರುಕ್ ಎಂಬ ಲಾರಿ ಚಾಲಕ ಕಾಣೆಯಾಗಿ ಅದು ನಾಲ್ಕನೆಯ ಬೆಳಗು. ಅವನ ಎಂಜಿನ್ ಗಾಡಿ ಸಮುದ್ರದ ಮೇಲಿನ ಕಡಿಬಂಡೆಯ ಅಂಚಿನಲ್ಲಿ, ಬಾಗಿಲು ತೆರೆದುಕೊಂಡು, ಹಿಂದಿನ ಟ್ರೇಲರ್ ಇಲ್ಲದೆ, ಬೋಳಾಗಿ ನಿಂತಿತ್ತು. ದೋಣಿಗಳು ಮೂರು ದಿನದಿಂದ ಬಂಡೆಯ ಬುಡದಲ್ಲಿ ಹುಡುಕುತ್ತಿದ್ದವು. ಹತ್ತು ಗಂಟೆಗೆ ವಿಮಾನ ಬರಲಿತ್ತು, ವರ್ನ್‌ನನ್ನು ಕೊಲೆ ಆಪಾದನೆಯ ಮೇಲೆ ಕೊಂಡೊಯ್ಯಲು.

ಈಗ ಒಂಬತ್ತೂವರೆ.

ಅವನನ್ನು ಬಂಧಿಸಿದ ರೀತಿಯೂ ವಿಚಿತ್ರವೇ. ಪಶ್ಚಿಮದ ನಾರ್ಸ್‌ಮನ್ ಊರಿನಲ್ಲಿ ಅವನ ಮನೆಗೆ ಹೋದಾಗ, ಬರುತ್ತೇನೆ, ಆದರೆ ನನ್ನ ಎಂಜಿನ್ ಗಾಡಿಯನ್ನು ಇಲ್ಲಿ ಬಿಟ್ಟು ಬರೋದಿಲ್ಲ ಎಂದಿದ್ದ. ಕೊಲೆಗಾರನೆಂಬ ಶಂಕೆಯ ಮೇಲೆ ಹಿಡಿದ ಮನುಷ್ಯ ಪೊಲೀಸ್ ಕಾರಿನ ಹಿಂದೆ ಒಂಬತ್ತು ನೂರು ಕಿಲೋಮೀಟರ್ ತಾನೇ ಓಡಿಸಿಕೊಂಡು, ತಿರುವುಗಳಿಲ್ಲದ ರಸ್ತೆಯಲ್ಲಿ ಇಂಡಿಕೇಟರ್ ಹಾಕುತ್ತ ಬಂದಿದ್ದ.

"ಡಾಕ್ಟರೇ, ಆ ಚಿತ್ರ ಇನ್ನೊಂದ್ಸಲ ತೋರಿಸಿ," ಎಂದಳು ನೊರೀನ್.

ಪಕ್ಕದ ಮೇಜಿನ ಡಾ. ಕ್ವೆಕ್ ಬೂನ್ ಹಾಕ್ ಲ್ಯಾಪ್‌ಟಾಪನ್ನು ಹಸುಗೂಸಿನ ಹಾಗೆ ಎತ್ತಿಕೊಂಡು ಬಂದ. ಅಡಿಲೇಡಿನ ವಿದ್ವಾಂಸ. ಹತ್ತು ತಿಂಗಳಿಂದ ಈ ರಸ್ತೆಯ ಅರವತ್ತನಾಲ್ಕು ಲಾರಿಗಳಲ್ಲಿ ಅವನ ರೇಡಿಯೋ ಡಬ್ಬಿಗಳಿದ್ದವು. ಫೋನಿನ ಗೋಪುರಗಳಿಲ್ಲದ ಕಡೆ ಲಾರಿಗಳೇ ಒಂದರ ಕಿವಿಯಲ್ಲಿ ಒಂದು ಸುದ್ದಿ ಹೇಳಿಕೊಂಡು ಹೋಗಲಿ ಎಂಬುದು ಅವನ ಆಸೆ. ಪ್ರತಿ ಡಬ್ಬಿ ತನ್ನ ಸಂಖ್ಯೆಯನ್ನು ಕೂಗುತ್ತ ಸಾಗುತ್ತದೆ. ಕೂಗು ಕೇಳಿಸಿಕೊಂಡ ಇನ್ನೊಂದು ಡಬ್ಬಿ, ಇಷ್ಟು ಗಂಟೆಗೆ ಇಂಥವನು ಸಿಕ್ಕ ಎಂದು ಬರೆದಿಟ್ಟುಕೊಳ್ಳುತ್ತದೆ.

ಎಲ್ಲಿ ಸಿಕ್ಕ ಎಂದು ಮಾತ್ರ ಬರೆಯುವಂತಿಲ್ಲ. ಚಾಲಕರ ಸಂಘ ಹಾಕಿದ ಷರತ್ತು ಅದು. ಯಾರ ಜೊತೆ ಇದ್ದೆವೆಂದು ಬೇಕಾದರೆ ಬರೆದುಕೊಳ್ಳಿ, ಎಲ್ಲಿದ್ದೆವೆಂದು ಬೇಡ ಎಂದಿದ್ದರು. ಇದರಲ್ಲಿ ಯಾವುದು ಹೆಚ್ಚು ಅಪಾಯಕಾರಿ ಎಂದು ಅವರ ಹೆಂಡತಿಯರನ್ನು ಯಾರೂ ಕೇಳಿರಲಿಲ್ಲ. ಬುಧವಾರ ಕಡಿಬಂಡೆಯ ಹತ್ತಿರ ಗಾಡಿ ನಿಲ್ಲಿಸಿ ನಿದ್ದೆ ಹೋಗಿದ್ದ ಒಬ್ಬ ಚಾಲಕನ ಡಬ್ಬಿ ಹದಿನೇಳನ್ನು ನಲವತ್ತು ನಿಮಿಷ ಕೇಳಿಸಿಕೊಂಡಿತ್ತು; ಜಾಗ ಗೊತ್ತಾದದ್ದು ಅವನ ದಿನಚರಿಯಿಂದ.

ಪರದೆಯ ಮೇಲೆ ಅರವತ್ತನಾಲ್ಕು ಚುಕ್ಕಿಗಳು ತೇಲುತ್ತಿದ್ದವು. ಸಿಕ್ಕ ಸಿಕ್ಕವರ ನಡುವೆ ತೆಳ್ಳನೆಯ ಗೆರೆಗಳು. ಸುಣ್ಣದ ಗೋಡೆಯ ಮೇಲೆ ಯಾರೋ ನಿದ್ದೆಯಲ್ಲಿ ಎಳೆದ ರಂಗೋಲಿಯಂತಿತ್ತು. ನೊರೀನಳಿಗೆ ಎರಡು ರಾತ್ರಿಯಿಂದ ನಿದ್ದೆ ಸರಿಯಾಗಿರಲಿಲ್ಲ. ನೋಡನೋಡುತ್ತ ಚುಕ್ಕಿಗಳು ಲಾರಿಗಳಾಗಿ, ಲಾರಿಗಳು ದೀಪಗಳಾಗಿ, ದೀಪಗಳು ಮತ್ತೆ ಚುಕ್ಕಿಗಳಾಗಿ, ತಾನು ಅವುಗಳ ನಡುವೆ ಎಲ್ಲೋ ತಳವಿಲ್ಲದ ನೀರಿನಲ್ಲಿ ಕಾಲಾಡಿಸುತ್ತಿದ್ದೇನೆ ಅನ್ನಿಸಿತು.

"ಊರಿಗೆಲ್ಲ ಸುದ್ದಿ ಹಬ್ಬೋಕೆ ಎಲ್ರೂ ಎಲ್ರಿಗೂ ಗೊತ್ತಿರಬೇಕಾಗಿಲ್ಲ," ಎನ್ನುತ್ತಿದ್ದ ಕ್ವೆಕ್, ತನ್ನಷ್ಟಕ್ಕೆ ತಾನೇ. "ಎರಡು ಕೇರಿಗೂ ಓಡಾಡೋ ಒಬ್ಬ ಮನುಷ್ಯ ಇದ್ರೆ ಸಾಕು. ನೋಡಿ, ಎಡಗಡೆ ಈ ಗುಂಪೆಲ್ಲ ಪಶ್ಚಿಮದ ಲಾರಿಗಳು. ಬಲಗಡೆ ಪೂರ್ವದವು. ಎರಡನ್ನೂ ಗಟ್ಟಿಯಾಗಿ ಹೊಲಿದಿರೋದು ಇದೊಂದೇ ಚುಕ್ಕಿ. ಹದಿನೇಳು. ಇದನ್ನ ತೆಗೆದುಬಿಟ್ರೆ ಜಾಲವೇ ಎರಡು ಹೋಳು. ನನ್ನ ಇಡೀ ಪ್ರಬಂಧ ನಿಂತಿರೋದೇ ಇದರ ಮೇಲೆ."

"ಪ್ರೊಫೆಸರಿಗೆ ನಾನಂದ್ರೆ ಭಾರೀ ಪ್ರೀತಿ," ಎಂದ ವರ್ನ್. "ನೇಣಿಗೆ ಹಾಕಿದ್ಮೇಲೆ ಫೋಟೋ ಹಾಕ್ಕೋತಾರೆ."

"ಈ ದೇಶದಲ್ಲಿ ನೇಣು ಇಲ್ಲ," ಎಂದ ಕ್ವೆಕ್, ಗಂಭೀರವಾಗಿ.

"ಅಬ್ಬ, ಬಚಾವ್."

ನೊರೀನ್ ಬೆರಳಿಂದ ಹದಿನೇಳರ ಬಲಗಡೆಯ ಗೆರೆಗಳನ್ನು ಒಂದೊಂದಾಗಿ ಹಿಂಬಾಲಿಸಿದಳು. ಮೂವತ್ತೊಂಬತ್ತು. ಇಪ್ಪತ್ತಾರು. ಅರವತ್ತು.

"ಈ ಮೂರು ಯಾರವು?"

"ಪೋರ್ಟ್ ಆಗಸ್ಟಾದವು. ಊರೊಳಗೇ ಸುತ್ತೋ ಗಾಡಿಗಳು. ಇತ್ತ ಬರೋದೇ ಇಲ್ಲ."

"ಹದಿನೇಳು ಇವನ್ನ ಎಷ್ಟು ಸಲ ನೋಡಿದೆ?"

"ವಾರಕ್ಕೆ ಒಂದಾದ್ರೂ ಸಲ. ಅದೇ ವಿಶೇಷ ಸಾರ್ಜೆಂಟ್, ಅದೇ ಹೇಳ್ತಿರೋದು—"

"ವರ್ನ್," ಎಂದಳು ನೊರೀನ್, "ಪೋರ್ಟ್ ಆಗಸ್ಟಾಕ್ಕೆ ಕೊನೇ ಸಲ ಹೋಗಿದ್ದು ಯಾವಾಗ?"

ವರ್ನ್ ಕಣ್ಣು ಮುಚ್ಚಿ ಲೆಕ್ಕ ಹಾಕಿದ. "ತಂಗಿ ಮದುವೆಗೆ. ಹನ್ನೊಂದು ವರ್ಷ ಆಯ್ತು. ಆ ಗಂಡನೂ ಈಗಿಲ್ಲ. ಸತ್ತಿಲ್ಲ, ಕ್ವೀನ್ಸ್‌ಲೆಂಡಿಗೆ ಹೋದ."

ಮೇಲಿನ ತಗಡು ಗಾಳಿಗೆ ಪಟಪಟ ಬಡಿದುಕೊಂಡಿತು. ಕ್ವೆಕ್‌ನ ಮುಖದ ಮೇಲೆ, ಮೆಟ್ಟಿಲು ಮುಗಿದರೂ ಇನ್ನೊಂದಿದೆಯೆಂದು ಕಾಲಿಟ್ಟವನ ಭಾವ ಬಂತು.

"ನಿಂಗೂ ರಸ್‌ಗೂ ಬುಧವಾರ ಎಲ್ಲಿ ಭೇಟಿ?"

"ಯಾವತ್ತಿನ ಹಾಗೇ. ಗಡಿ ಹತ್ರ ಜಲ್ಲಿ ಬಯಲಲ್ಲಿ. ಬೆಳಿಗ್ಗೆ ಆರೂ ಹತ್ತು. ಅವನ ಟ್ರೇಲರ್ ನಾನು ತಗೊಂಡೆ, ನನ್ನದು ಅವನು ತಗೊಂಡ. ಟೀ ಕುಡಿದ್ವಿ. ನಾನು ಪಶ್ಚಿಮಕ್ಕೆ, ಅವನು ಪೂರ್ವಕ್ಕೆ."

ಆ ರಸ್ತೆಯಲ್ಲಿ ಅದೊಂದು ಹಳೆಯ ಪದ್ಧತಿ. ಖಂಡದ ಒಂದು ಕೊನೆಯಿಂದ ಇನ್ನೊಂದಕ್ಕೆ ಸರಕು ಹೋಗಬೇಕು, ಆದರೆ ಮನುಷ್ಯ ತನ್ನ ಹಾಸಿಗೆಯಲ್ಲಿ ಮಲಗಬೇಕು. ಅದಕ್ಕೇ ಇಬ್ಬರು ನಡುದಾರಿಯಲ್ಲಿ ಸೇರಿ, ಟ್ರೇಲರ್ ಅದಲುಬದಲು ಮಾಡಿಕೊಂಡು, ಬಂದ ದಾರಿಯಲ್ಲೇ ಮನೆಗೆ ತಿರುಗುತ್ತಾರೆ. ವರ್ನ್ ಮತ್ತು ರಸ್ ಹೀಗೆ ಆರು ವರ್ಷದಿಂದ ವಾರಕ್ಕೆರಡು ಸಲ ಟೀ ಕುಡಿದಿದ್ದರು. ಇಬ್ಬರೂ ಒಬ್ಬರ ಮನೆಗೊಬ್ಬರು ಹೋದವರಲ್ಲ.

"ವರ್ನ್," ನೊರೀನ್ ಈಗ ಬಹಳ ಮೆಲ್ಲಗೆ ಕೇಳಿದಳು. "ಆ ಡಬ್ಬಿ ಎಲ್ಲಿದೆ?"

"ಟ್ರೇಲರಿನ ಮುಂಗೋಡೆ ಮೇಲೆ."

"ಟ್ರೇಲರಿನ?" ಕ್ವೆಕ್‌ನ ದನಿ ಸೀಳಿತು. "ಎಂಜಿನ್ ಗಾಡಿಯ ಛಾವಣಿಗೆ ಅಂತ ಬರೆದುಕೊಟ್ಟಿದ್ದೆನಲ್ಲ! ಚಿತ್ರ ಬೇರೆ ಹಾಕಿದ್ದೆ!"

"ನಿಮ್ಮ ಹುಡ್ಗ ಡ್ರಿಲ್ ಹಿಡ್ಕೊಂಡು ಬಂದ. ಎಂಜಿನ್ ಗಾಡಿ ನನ್ನ ಸ್ವಂತದ್ದು ಮಾರಾಯಾ, ಹದಿನಾಲ್ಕು ವರ್ಷದಿಂದ ಒಂದು ಗೀರು ಬಿದ್ದಿಲ್ಲ. ಅವಳ ತಲೆಗೆ ತೂತು ಕೊರೆಯೋಕೆ ಬಿಡ್ತೀನಾ? ಟ್ರೇಲರ್ ಕಂಪನಿದು, ಅದಕ್ಕೆ ಎಷ್ಟು ಬೇಕಾದ್ರೂ ಕೊರ್ಕೋ ಅಂದೆ. ಕೊರ್ಕೊಂಡ. ಏರಿಯಲ್ ಎತ್ತರದಲ್ಲಿ ಚೆನ್ನಾಗಿ ಕೂತಿದೆ ಅಂತ ಖುಷಿಯೂ ಪಟ್ಟ."

"ಇದನ್ನ ನಿನ್ನೆಯಿಂದ ಯಾಕೆ ಹೇಳಲಿಲ್ಲ?" ಎಂದಳು ನೊರೀನ್.

"ಡಬ್ಬಿ ನಂದಾ ಅಂತ ಕೇಳಿದ್ರಿ. ಸಹಿ ಯಾರದ್ದು ಅಂತ ಕೇಳಿದ್ರಿ. ಎಲ್ಲಿದೆ ಅಂತ ಯಾರೂ ಕೇಳ್ಲಿಲ್ಲ. ಕಂಪ್ಯೂಟರಿಗೆ ಗೊತ್ತಿರುತ್ತೆ ಅಂದ್ಕೊಂಡೆ."

ಕ್ವೆಕ್ ಕುರ್ಚಿಯ ಮೇಲೆ ಕುಳಿತ. ಹತ್ತು ತಿಂಗಳಿಂದ ಅವನು ಎರಡು ಕೇರಿಗಳ ಬಾಂಧವ್ಯ ಬೆಸೆದ ಮಹಾಪುರುಷನೆಂದು ಆರಾಧಿಸಿದ್ದು ಒಂದು ತಣ್ಣನೆಯ ಪೆಟ್ಟಿಗೆಯನ್ನು. ಚಾಲಕರು ನಡುದಾರಿಯಲ್ಲಿ ಹಿಂದಿರುಗುತ್ತಿದ್ದರು, ಟ್ರೇಲರ್ ಮಾತ್ರ ಸಮುದ್ರದಿಂದ ಸಮುದ್ರಕ್ಕೆ ಹೋಗಿ ಬರುತ್ತಿತ್ತು.

"ರಸ್ ಗಾಡೀಲಿ ಡಬ್ಬಿ ಇಲ್ಲ?" ಎಂದಳು ನೊರೀನ್.

"ಅವನು ಬೇಡ ಅಂದ. ನಂಗೆ ಒಬ್ಬಳು ಅತ್ತೆ ಸಾಕು ಅಂದ."

ಅಲ್ಲಿಗೆ ವರ್ನ್‌ನ ಮೇಲಿನ ಕೇಸು ತಗಡಿನ ಹಾಗೆ ಹಾರಿಹೋಯಿತು. ಬುಧವಾರ ಪೂರ್ವಕ್ಕೆ ಬಂದದ್ದು, ಕಡಿಬಂಡೆಯ ಅಂಚಿನಲ್ಲಿ ನಿಂತದ್ದು ವರ್ನ್ ಅಲ್ಲ, ರಸ್ ಎಳೆದುಕೊಂಡು ಬಂದ ಟ್ರೇಲರ್. ಆದರೆ ಆ ನಲವತ್ತು ನಿಮಿಷದ ನಂತರ ಅದು ಮತ್ತೆ ಹೊರಟಿತ್ತು, ರಸ್‌ನ ಎಂಜಿನ್ ಗಾಡಿಯನ್ನು ಅಲ್ಲೇ ಬಿಟ್ಟು.

"ಹದಿನೇಳರ ಕೂಗು ಕೊನೆಗೆ ಕೇಳಿದ್ದು ಯಾರಿಗೆ?"

"ನಲವತ್ನಾಲ್ಕಕ್ಕೆ. ಬುಧವಾರ ಹತ್ತೂ ನಲವತ್ತು." ಕ್ವೆಕ್ ಪರದೆಯಿಂದ ಮುಖ ಎತ್ತಲಿಲ್ಲ. "ಆ ಚಾಲಕನ ದಿನಚರಿ ಪ್ರಕಾರ ಈ ರೋಡ್‌ಹೌಸಿಗೆ ಸ್ವಲ್ಪ ಪಶ್ಚಿಮಕ್ಕೆ. ಆಮೇಲೆ ಏನೂ ಇಲ್ಲ."

"ಏನೂ ಇಲ್ಲ?"

ಕ್ವೆಕ್ ಪರದೆಯ ಧೂಳನ್ನು ಬೆರಳಿಂದ ಒರೆಸಿದ. ಸುಳ್ಳು ಹೇಳಲು ಬಾರದವರ ಕೈಗೆ ಏನಾದರೊಂದು ಕೆಲಸ ಬೇಕು.

"ಒಂದಿತ್ತು. ಅಳಿಸಿಬಿಟ್ಟೆ."

"ಡಾಕ್ಟರೇ."

"ಇವತ್ತು ಬೆಳಿಗ್ಗೆ ಆರೂ ಎರಡು. ಇಲ್ಲೇ ಅಂಗಳದಲ್ಲಿ ನಿಂತಿರೋ ಹಣ್ಣಿನ ಲಾರಿ, ಐವತ್ತೆರಡು. ಅದಕ್ಕೆ ಹದಿನೇಳು ಹನ್ನೊಂದು ಸೆಕೆಂಡ್ ಕೇಳಿಸಿದೆ. ಆಗ ವರ್ನ್ ನಾಲ್ಕನೇ ರೂಮಲ್ಲಿ ಬೀಗದೊಳಗಿದ್ದ. ಪಕ್ಕದ ರೂಮಲ್ಲಿ ನಾನಿದ್ದೆ. ಅವನ ಗೊರಕೆಗೆ ನಾನೇ ಸಾಕ್ಷಿ. ಆಗದ ಮಾತು ಅಂತ ತೆಗೆದುಹಾಕಿದೆ."

"ಈಗ ಆಗೋ ಮಾತಲ್ವಾ?"

"ಆದ್ರೂ ಹತ್ತಿರದಲ್ಲೇ ಇದೆ ಅನ್ನೋಕಾಗಲ್ಲ. ಈ ಬಯಲಲ್ಲಿ ಬೆಳಗಿನ ಜಾವ ತಣ್ಣನೆ ಗಾಳಿ ಕೆಳಗೆ, ಬಿಸಿ ಗಾಳಿ ಮೇಲೆ ಹಾಸಿಕೊಂಡಿರುತ್ತೆ. ಕೂಗು ಆ ಎರಡರ ನಡುವೆ ಕೊಳವೇಲಿ ಹರಿದ ಹಾಗೆ ಹರಿಯುತ್ತೆ. ಮುನ್ನೂರು ಕಿಲೋಮೀಟರ್ ಆಚೆಯವನೂ ಕಿವಿ ಪಕ್ಕ ಬಂದು ಮಾತಾಡಿದ ಹಾಗಿರುತ್ತೆ."

ಇದು ನೊರೀನಳಿಗೂ ಗೊತ್ತಿತ್ತು. ನಿನ್ನೆ ಬೆಳಿಗ್ಗೆ ಅವಳೇ ಕಂಡಿದ್ದಳು. ಎಲೆ ಅಲುಗದ ಹೊತ್ತು. ದಿಗಂತದಲ್ಲಿ ಒಂದು ಲಾರಿ ನೆಲದಿಂದ ಬಿಡಿಸಿಕೊಂಡು ಮೇಲೆದ್ದು, ತಲೆಕೆಳಗಾಗಿ, ಆಕಾಶದ ಅಂಚಿನಲ್ಲಿ ಸದ್ದಿಲ್ಲದೆ ಹೋಗುತ್ತಿತ್ತು. ಅದರ ಕೆಳಗೆ ಇನ್ನೊಂದು, ನೆಟ್ಟಗಿದ್ದದ್ದು, ಅದೇ ಲಾರಿ. ಎರಡೂ ಒಂದನ್ನೊಂದು ಮುಟ್ಟಿದ ಕ್ಷಣ ಎರಡೂ ಇಲ್ಲವಾದವು. ಅವಳು ಕಾಫಿ ಕೈಯಲ್ಲಿ ಹಿಡಿದು, ಸಾಯುವುದೆಂದರೆ ಇಷ್ಟೇ ಇರಬಹುದೇನೋ ಎಂದುಕೊಂಡು, ಆರಿಹೋದ ಕಾಫಿ ಕುಡಿದಿದ್ದಳು.

"ನಿನ್ನೆ ಹೌದು," ಎಂದ ವರ್ನ್. "ಇವತ್ತು ಅಲ್ಲ."

"ಏನು ಅಲ್ಲ?"

"ಬೆಳಿಗ್ಗೆ ನಾಲ್ಕರಿಂದ ಈ ತಗಡು ತಲೆ ತಿಂತಿದೆ. ದಕ್ಷಿಣದ ಗಾಳಿ. ಗಾಳಿ ಬೀಸಿದ ದಿನ ಆ ಹಾಸಿಗೆ ಎಲ್ಲ ಕಲಸಿಹೋಗುತ್ತೆ ಪ್ರೊಫೆಸರೇ. ಲಾರಿ ಆಕಾಶಕ್ಕೆ ಹೋಗಲ್ಲ, ರೇಡಿಯೋಲಿ ಪಕ್ಕದ ಬೆಟ್ಟದವನೂ ಸಿಗಲ್ಲ. ಬೆಟ್ಟ ಇದ್ದಿದ್ರೆ."

ಕ್ವೆಕ್ ಒಂದು ನಿಮಿಷ ಕೀಲಿಗಳನ್ನು ಒತ್ತಿದ. ಹವಾಮಾನದ ಅಂಕಿಗಳು ಬಂದವು. ನೋಡಿದ.

"ಹಾಗಾದ್ರೆ," ಎಂದ, ಕಷ್ಟಪಟ್ಟು, "ಆರು ಗಂಟೆಗೆ ಹದಿನೇಳು ಇಲ್ಲಿಂದ ಹೆಚ್ಚಂದ್ರೆ ಎರಡು ಕಿಲೋಮೀಟರ್ ಒಳಗಿತ್ತು."

ಮೂವರೂ ಕಿಟಕಿಯತ್ತ ನೋಡಿದರು. ಉಪ್ಪುಗಿಡ. ಆಕಾಶ.

"ಡಬ್ಬಿಗೆ ಕರೆಂಟ್ ಎಲ್ಲಿಂದ?" ನೊರೀನ್ ಎದ್ದಳು.

"ದೀಪದ ತಂತಿಯಿಂದ," ಎಂದ ವರ್ನ್. "ಟ್ರೇಲರಿಗೆ ಎಂಜಿನ್ ಸಿಕ್ಕಿಸಿದ್ರೆ ಬದುಕುತ್ತೆ. ಬಿಚ್ಚಿದ್ರೆ ಸಾಯುತ್ತೆ."

ರಸ್‌ನ ಎಂಜಿನ್ ಕಡಿಬಂಡೆಯ ಹತ್ತಿರ, ಪೊಲೀಸ್ ಪಟ್ಟಿ ಸುತ್ತಿಕೊಂಡು ನಿಂತಿದೆ. ವರ್ನ್‌ನದು ಇಲ್ಲೇ ಅಂಗಳದಲ್ಲಿ, ಕೀಲಿ ಅವಳ ಜೇಬಿನಲ್ಲಿ. ಹಣ್ಣಿನ ಲಾರಿಯವನು ರಾತ್ರಿಯಿಂದ ಅಲುಗಿಲ್ಲ. ಈ ಬಯಲಲ್ಲಿ ಅಂಥ ಟ್ರೇಲರ್ ಎಳೆಯಬಲ್ಲ ಎಂಜಿನ್ ಇನ್ನೊಂದು ಇದ್ದರೆ, ಅದು ಕೆಟ್ಟುನಿಂತ ಲಾರಿಗಳನ್ನು ಎಳೆದು ತರಲು ರೋಡ್‌ಹೌಸಿನವರೇ ಇಟ್ಟುಕೊಂಡಿರುವ ಹಳದಿ ಗಾಡಿ.

ನೊರೀನ್ ಬಂದ ದಿನದಿಂದ ಆ ಗಾಡಿಯ ಶೆಡ್ಡು ಖಾಲಿ ಇತ್ತು. ರಿಪೇರಿಗೆ ಹೋಗಿದೆ ಚಿನ್ನ, ಎಂದಿದ್ದಳು ಗ್ಲೆನಿಸ್.

ಗ್ಲೆನಿಸ್ ಮಡ್ಜ್ ಆ ರೋಡ್‌ಹೌಸಿನ ಒಡತಿ. ಅರವತ್ತೆರಡರ ಗಟ್ಟಿ ಹೆಂಗಸು. ಸಚಿವರಿಂದ ಹಿಡಿದು ನಾಯಿಯವರೆಗೆ ಎಲ್ಲರನ್ನೂ ಚಿನ್ನ ಎನ್ನುತ್ತಿದ್ದಳು, ನಾಯಿಗೆ ಮಾತ್ರ ಮನಸಾರೆ. ಈಗ ಅವಳು ಹೆದ್ದಾರಿಯ ನಡುವೆ ನಿಂತಿದ್ದಳು. ಅಲ್ಲಿ ರಸ್ತೆ ಅಗಲವಾಗಿ, ಡಾಂಬರಿನ ಮೇಲೆ ಬಿಳಿ ಪಟ್ಟೆಗಳಿವೆ. ವಿಮಾನ ಇಳಿಯುವುದು ರಸ್ತೆಯ ಮೇಲೆಯೇ. ಅದು ಬರುವ ಹೊತ್ತಿಗೆ ಕೆಂಪು ಹಲಗೆ ಹಿಡಿದು ಎರಡೂ ಕಡೆಯ ಲಾರಿಗಳನ್ನು ನಿಲ್ಲಿಸುವ ಕೆಲಸ ಮೂವತ್ತು ವರ್ಷದಿಂದ ಅವಳದು.

ನೊರೀನ್ ಕೈರೇಡಿಯೋ ತೆಗೆದುಕೊಂಡು ಅಲ್ಲಿಗೆ ನಡೆದಳು. ಬಿಸಿಲು ಆಗಲೇ ರಸ್ತೆಯನ್ನು ನೀರು ಮಾಡಿತ್ತು. ಗ್ಲೆನಿಸ್ ಆ ನೀರಿನಲ್ಲಿ ಮಂಡಿಯವರೆಗೆ ನಿಂತ ಹಾಗೆ ಕಂಡಳು. ಹತ್ತಿರ ಹೋದಂತೆ ಅವಳಿಗೆ ಕಾಲು ಬಂದವು.

"ಬೆಳಿಗ್ಗೆ ಆರು ಗಂಟೆಗೆ ನಿಮ್ಮ ಹಳದಿ ಗಾಡಿ ಎಲ್ಲಿತ್ತು, ಗ್ಲೆನಿಸ್?"

"ರಿಪೇರಿಗೆ—"

"ಬೇಡ."

ಗ್ಲೆನಿಸ್ ಹಲಗೆಯನ್ನು ನೆಲಕ್ಕೂರಿ, ಊರುಗೋಲಿನ ಹಾಗೆ ಅದರ ಮೇಲೆ ಕೈಯಿಟ್ಟಳು. 

"ವರ್ನ್‌ನ ಬಿಟ್ಟುಬಿಡ್ತೀಯಾ?"

"ಬಿಟ್ಟಾಯ್ತು. ಅವನಲ್ಲ ಅಂತ ಗೊತ್ತಾಯ್ತು."

"ಒಳ್ಳೇದಾಯ್ತು. ಅದೊಂದು ನಂಗೆ ನಿದ್ದೆ ಕೊಟ್ಟಿರಲಿಲ್ಲ." ಉಸಿರು ಬಿಟ್ಟಳು. "ವಿಮಾನದಲ್ಲಿ ಯಾರ್ಯಾರು ಬರ್ತಿದಾರೆ ಚಿನ್ನ?"

"ಇಬ್ಬರು ಕಾನ್‌ಸ್ಟೇಬಲ್. ಜೊತೆಗೆ ಟ್ರೇಲರ್ ಕಂಪನಿಯ ಮಾಲೀಕ ಹ್ಯಾಲೊರನ್. ಕಾಣೆಯಾದವನು ನನ್ನ ಮನುಷ್ಯ, ಹುಡುಕೋಕೆ ನಾನೂ ಬರ್ತೀನಿ ಅಂತ ಬೇಡ್ಕೊಂಡು ಸೀಟು ಹಿಡಿದಿದ್ದಾನೆ."

ಬಿಸಿಲಿಗೆ ಹದವಾದ ಆ ಮುಖದಿಂದ ಬಣ್ಣ ಇಳಿದುಹೋದದ್ದನ್ನು ನೊರೀನ್ ಕಂಡಳು.

"ಹಾಗಾದ್ರೆ ಇಳಿಯೋಕೆ ಬಿಡಬೇಡ."

"ಯಾಕೆ?"

"ರಸ್ ಬದುಕಿದ್ದಾನೆ. ಹ್ಯಾಲೊರನ್ ಕಣ್ಣಿಗೆ ಬಿದ್ರೆ ಬದುಕಿರಲ್ಲ." ಅವಳ ಮಾತು ಈಗ ಓಡಿತು. "ಬುಧವಾರ ರೇಡಿಯೋಲಿ ಕರೆದ. ಟೀ ಕುಡಿಯೋಕೆ ಬಂಡೆ ಹತ್ರ ನಿಲ್ಲಿಸಿದ್ದನಂತೆ. ಎಂಜಿನ್ ಆರಿಸಿದ್ಮೇಲೆ ಕೇಳಿಸ್ತಂತೆ. ಟ್ರೇಲರ್ ಒಳಗಿಂದ ಯಾರೋ ತಟ್ತಾ ಇದ್ರು ಚಿನ್ನ. ಮೀನಿನ ಟ್ರೇಲರ್ ಒಳಗಿಂದ."

"ಎಷ್ಟು ಜನ?" ಎಂದಳು ನೊರೀನ್.

"ಮೂರು ಜನ. ಹ್ಯಾಲೊರನ್ ದೋಣಿಗಳಲ್ಲಿ ದುಡಿದು, ದುಡಿದದ್ದಕ್ಕೆ ಕೂಲಿ ಬಾಯಿಬಿಟ್ಟು ಕೇಳಿದವರು. ಆ ತಪ್ಪಿಗೆ ಒಳಗೆ ತಳ್ಳಿ ಬೀಗ ಜಡಿದಿದ್ದಾನೆ. ಟ್ರೇಲರ್ ತಣ್ಣಗಿಡೋ ಯಂತ್ರ ಶುರು ಮಾಡೋಕೆ ಯಾರೋ ಮರ್ತಿದ್ರು, ಅದಕ್ಕೇ ಉಳ್ಕೊಂಡಿದಾರೆ. ರಸ್ ಗಾಡೀನ ಇಡೀ ರಸ್ತೆಗೇ ಗೊತ್ತು, ಅಡಗಿಸೋಕಾಗಲ್ಲ. ಅವನು ಸಮುದ್ರಕ್ಕೆ ಬಿದ್ದ ಅಂದ್ಕೊಳ್ಳಲಿ ಅಂತ ಅದನ್ನ ಅಲ್ಲೇ ಬಿಟ್ಟು, ನಾನು ಹೋಗಿ ಹಳದಿ ಗಾಡೀಲಿ ಎಳ್ಕೊಂಡು ಬಂದೆ. ಉತ್ತರಕ್ಕೆ ಒಂದು ಕುಳಿ ಇದೆ, ನೆಲ ಕುಸಿದು ಆಗಿದ್ದು. ರಸ್ತೆಯಿಂದ ಕಾಣ್ಸಲ್ಲ. ಒಬ್ಬನಿಗೆ ಜ್ವರ, ನಡೆಯೋಕಾಗಲ್ಲ. ಬೆಳಿಗ್ಗೆ ನೀರು ಕೊಡೋಕೆ ಹೋಗಿದ್ದೆ. ಟ್ರೇಲರನ್ನ ಸ್ವಲ್ಪ ನೆರಳಿಗೆ ಸರಿಸಿದ್ವಿ, ಅಷ್ಟೇ."

"ಪೊಲೀಸರಿಗೆ ಹೇಳಬೇಕಿತ್ತು."

"ಯಾವ ಪೊಲೀಸ್ ಜೊತೆ ಯಾವ ಮಾಲೀಕ ಬರ್ತಾನೆ ಅಂತ ನಂಗೆ ಹೇಗೆ ಗೊತ್ತಾಗಬೇಕು? ಈಗ ನೋಡು, ಒಂದೇ ವಿಮಾನ."

 ಪೂರ್ವದಲ್ಲಿ ಒಂದು ಚುಕ್ಕಿ ಹುಟ್ಟಿ, ಬಿಸಿಲಿನಲ್ಲಿ ನಡುಗುತ್ತ, ಎರಡಾಗಿ, ಮತ್ತೆ ಒಂದಾಗಿ, ರೆಕ್ಕೆ ಬಿಡಿಸಿಕೊಂಡಿತು. ಸದ್ದು ಇನ್ನೂ ಬಂದಿರಲಿಲ್ಲ. ಕನಸಿನಲ್ಲಿ ಬರುವ ಯಾವುದಕ್ಕೂ ಮೊದಲು ಸದ್ದಿರುವುದಿಲ್ಲ.

ಕೈರೇಡಿಯೋ ಕರಕರ ಅಂದಿತು. ಪೈಲಟ್‌ನ ಉಲ್ಲಾಸದ ದನಿ. "ಹೆನ್ಸ್ಲಿ ಟ್ಯಾಂಕ್, ಶುಭೋದಯ. ರಸ್ತೆ ಖಾಲಿ ಇದೆಯಾ?"

ಖಾಲಿಯೇ ಇತ್ತು. ಎರಡೂ ದಿಕ್ಕಿಗೆ, ಭೂಮಿ ಬಾಗುವವರೆಗೆ.

ಅವಳಿಗೆ ಅರ್ಧ ಗಂಟೆ ಬೇಕಿತ್ತು. ಅಷ್ಟರಲ್ಲಿ ವರ್ನ್‌ನ ಎಂಜಿನ್‌ನಲ್ಲಿ ಕುಳಿಗೆ ಹೋಗಿ, ನಾಲ್ಕು ಜನರನ್ನೂ ಕೂರಿಸಿಕೊಂಡು, ಹ್ಯಾಲೊರನ್ ನೆಲ ಮುಟ್ಟುವ ಮೊದಲು ಅವರ ಹೇಳಿಕೆ ತನ್ನ ಕೈಯಲ್ಲಿರಬೇಕು. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ನೊರೀನ್ ಪ್ಯಾಸ್ಕೊ ಪೊಲೀಸ್ ರೇಡಿಯೋದಲ್ಲಿ ಒಂದೇ ಒಂದು ಸುಳ್ಳು ಹೇಳಿದವಳಲ್ಲ. ಗುಂಡಿ ಒತ್ತಿದಳು.

"ಇಲ್ಲ. ರಸ್ತೆ ಮೇಲೆ ಒಂಟೆಗಳಿವೆ. ಒಂದು ಹಿಂಡೇ ಇದೆ. ಅರ್ಧ ಗಂಟೆ ಸುತ್ತು ಹಾಕಿ."

"ಸರಿ. ಒಂಟೆಗಳಿಗೆ ಆತುರ ಇರೋದಿಲ್ಲ. ಸುತ್ತು ಹಾಕ್ತೀವಿ."

ವಿಮಾನ ಒಂದು ರೆಕ್ಕೆ ತಗ್ಗಿಸಿತು. ನಿಧಾನವಾಗಿ, ಗಾಳಿಗೆ ಬಿಟ್ಟ ಕಾಗದದ ಹಾಗೆ, ಬಲಕ್ಕೆ ವಾಲಿ ತಿರುಗಿತು. ನೊರೀನ್ ಆಗಲೇ, ಅಂಗಳಕ್ಕೆ ಬಂದು ನಿಂತಿದ್ದ ವರ್ನ್‌ನತ್ತ ಕೀಲಿ ಎಸೆದು ಓಡತೊಡಗಿದ್ದಳು. ಹಿಂದೆ ಗ್ಲೆನಿಸ್ ಹಲಗೆ ಕೈಬಿಟ್ಟ ಸದ್ದು ಕೇಳಿಸಿತು.

"ಚಿನ್ನ," ಎಂದಳು ಗ್ಲೆನಿಸ್. ಅಷ್ಟು ಮೆತ್ತಗೆ ಅವಳು ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. "ಅದು ಉತ್ತರಕ್ಕೆ ತಿರುಗ್ತಿದೆ."

ರೇಡಿಯೋ ಮತ್ತೆ ಕರಕರ ಅಂದಿತು.

"ಹೆನ್ಸ್ಲಿ ಟ್ಯಾಂಕ್, ಒಂಟೆ ಒಂದೂ ಕಾಣ್ತಿಲ್ಲವಲ್ಲ," ಎಂದ ಪೈಲಟ್. "ಆದ್ರೆ ನಮ್ಮ ಕೆಳಗೇ ಒಂದು ಕುಳಿಯೊಳಗೆ ದೊಡ್ಡದೊಂದು ಬಿಳಿ ಟ್ರೇಲರ್ ಹೊಳೀತಿದೆ. ಪಕ್ಕ ಜನ ಇದ್ದಾರೆ, ಕೈ ಬೀಸ್ತಿದಾರೆ. ನೆಲ ಗಟ್ಟಿಯಾಗೇ ಕಾಣುತ್ತೆ. ಮಿಸ್ಟರ್ ಹ್ಯಾಲೊರನ್ ಇಲ್ಲೇ ಇಳಿಸು ಅಂತಿದಾರೆ."